ಚೀನೀ ದಿನಾಂಕ: ವಯಸ್ಸು 66 ಬರ್ತಿದೆ, ಬರಬೇಕಾದದ್ದು 71. ಯಾರಾದ್ರೂ ನೋಡ್ತೀರಾ?

ತೆಂಗಿನಗರಿ (ಸಿಂಗಪುರ)
ನಮಸ್ಕಾರ. ತಲೆ ಕೆಟ್ಟುಹೋಗಿದೆ. ಪೈಥಾನ್ ಸ್ಕ್ರಿಪ್ಟ್‌ಗೆ ಹುಟ್ಟಿದ ದಿನ, ತೀರಿಕೊಂಡ ದಿನ ಕೊಟ್ಟರೆ ವಯಸ್ಸು ಹೇಳಬೇಕು. ಇಷ್ಟೇ ಕೆಲಸ.

ಹುಟ್ಟು: ಗುವಾಂಗ್‌ಶು (ಚೀನೀ ಅರಸನ ಆಳ್ವಿಕೆಯ ವರ್ಷ) 14, 12ನೇ ತಿಂಗಳು, 20ನೇ ದಿನ
ಸಾವು: ಮಿನ್‌ಗುವೋ (ಚೀನೀ ಗಣರಾಜ್ಯದ ವರ್ಷ) 44, 3ನೇ ತಿಂಗಳು, 8ನೇ ದಿನ

ಸ್ಕ್ರಿಪ್ಟ್ 66 ಅನ್ನುತ್ತದೆ. ಬರಬೇಕಾದದ್ದು 71. ಒಂದು ವರ್ಷ ಆಚೀಚೆ ಆದ್ರೆ ಸಹಿಸಬಹುದು, ಐದು ವರ್ಷ ಎಲ್ಲಿಂದ ಬಂತು? ಲೈಬ್ರರಿ ಬದಲಿಸಿ ನೋಡಿದೆ, ಅದೇ ಉತ್ತರ. ದಯವಿಟ್ಟು "ಗೂಗಲ್ ಮಾಡಿ" ಅನ್ನಬೇಡಿ.

ಪಂಚಾಂಗಪ್ರಿಯ
ಇದು ನೋಡಿದ ತಕ್ಷಣ ಗೊತ್ತಾಗುತ್ತೆ. ಅಧಿಕ ಮಾಸ. ನಮ್ಮಲ್ಲಿ ಇರುವ ಹಾಗೆ ಚೀನೀಯರಿಗೂ 19 ವರ್ಷಕ್ಕೆ 7 ಅಧಿಕ ಮಾಸ. 66 ವರ್ಷದಲ್ಲಿ ಸುಮಾರು 24 ತಿಂಗಳು ಜಾಸ್ತಿ ಬರುತ್ತೆ, ಅಂದ್ರೆ ಎರಡು ವರ್ಷ. 66 ಮತ್ತು 2, 68. ಉಳಿದ ಮೂರು ನಿಮ್ಮ ಡೇಟಾದಲ್ಲಿ ಏನೋ ಎಡವಟ್ಟು.

ಮಲ್ನಾಡ್‌ಬಿಟ್
ಕೋಡ್ ಇಲ್ಲದೆ ಏನು ಹೇಳೋದು ಸಾರ್? ಮೂರು ಪ್ರಶ್ನೆ. ಯಾವ ಲೈಬ್ರರಿ? ಗುವಾಂಗ್‌ಶು ವರ್ಷವನ್ನು ಇಸವಿಗೆ ಹೇಗೆ ತಿರುಗಿಸ್ತಿದ್ದೀರಿ? "71 ಬರಬೇಕು" ಅಂತ ಹೇಳಿದ್ದು ಯಾರು? ಪುಸ್ತಕವಾ, ಮನೆಯವರಾ?

ತೆಂಗಿನಗರಿ
ಯಾರು ಹೇಳೋದು, ಕಲ್ಲಲ್ಲಿ ಕೆತ್ತಿದೆಯಲ್ಲ! ಇಲ್ಲಿನ ಹಳೇ ಚೀನೀ ಸ್ಮಶಾನದ ಸಮಾಧಿ ಕಲ್ಲುಗಳನ್ನು ದಾಖಲಿಸ್ತಿದ್ದೇನೆ. ಹವ್ಯಾಸ ಅಷ್ಟೇ. ಗುವಾಂಗ್‌ಶು 1 ಅಂದ್ರೆ 1875, ಹಾಗಾಗಿ 1874 ಕೂಡಿಸ್ತೇನೆ. ಮಿನ್‌ಗುವೋ 1 ಅಂದ್ರೆ 1912, ಅದಕ್ಕೆ 1911 ಕೂಡಿಸ್ತೇನೆ. ಲೈಬ್ರರಿ 1900ಕ್ಕಿಂತ ಹಿಂದೆ ಹೋಗಲ್ಲ, ಅದಕ್ಕೆ ಹಳೆಯದಕ್ಕೆ ತಿಂಗಳು-ದಿನ ಇದ್ದ ಹಾಗೇ ಹಾಕಿದ್ದೇನೆ. ಅಂದ್ರೆ 20 ಡಿಸೆಂಬರ್ 1888.

ಮಲ್ನಾಡ್‌ಬಿಟ್
ಇಲ್ಲೊಂದು ಸಿಕ್ಕಿತು. ಗುವಾಂಗ್‌ಶು 14ರ ಹನ್ನೆರಡನೇ ತಿಂಗಳು ಡಿಸೆಂಬರ್ ಅಲ್ಲ. ಚೀನೀ ಹೊಸ ವರ್ಷ ಜನವರಿ 21ರಿಂದ ಫೆಬ್ರವರಿ 20ರ ಒಳಗೆ ಎಲ್ಲಾದರೂ ಬೀಳುತ್ತೆ. ಹಾಗಾಗಿ ಹನ್ನೆರಡನೇ ತಿಂಗಳ ಹೆಚ್ಚು ಪಾಲು ಮುಂದಿನ ಇಸವಿಗೆ ಸೇರುತ್ತೆ. ನಿಮ್ಮ ವ್ಯಕ್ತಿ ಹುಟ್ಟಿದ್ದು 1889ರ ಜನವರಿ 20ರ ಆಸುಪಾಸು. ಹಾಂಗ್‌ಕಾಂಗ್ ವೀಕ್ಷಣಾಲಯದ ಕೋಷ್ಟಕ 1901ರಿಂದ ಶುರುವಾಗುತ್ತೆ, ನಿಮಗೆ ಸಾಲದು. ತೈವಾನ್‌ನ ಅಕಾಡೆಮಿಯಾ ಸಿನಿಕಾದವರ ಎರಡು ಸಾವಿರ ವರ್ಷದ ಪರಿವರ್ತಕ ಇದೆ, ಅದರಲ್ಲಿ ತಾಳೆ ನೋಡಿ.

ಇನ್ನೊಂದು ವಿಷಯ. 1912ರಲ್ಲಿ ಚೀನಾ ಸರ್ಕಾರ ಇಸವಿ ಕ್ಯಾಲೆಂಡರಿಗೆ ಬದಲಾಯಿತು. ಮಿನ್‌ಗುವೋ ದಿನಾಂಕ ಚಾಂದ್ರ ತಿಂಗಳದ್ದೂ ಆಗಿರಬಹುದು, ಮಾರ್ಚ್ 8 ಕೂಡ ಆಗಿರಬಹುದು.

ತೆಂಗಿನಗರಿ
ತಿದ್ದಿದೆ. ಈಗಲೂ 66. 😐

ಪಂಚಾಂಗಪ್ರಿಯ
ನಾನು ಹೇಳಿದ್ದನ್ನು ಯಾರೂ ಓದ್ತಿಲ್ಲ. ಸಂಕ್ರಾಂತಿ ಇಲ್ಲದ ಚಾಂದ್ರ ಮಾಸ ನಮಗೆ ಅಧಿಕ. ಅವರಲ್ಲೂ ಸೂರ್ಯನ 12 ಮುಖ್ಯ ಬಿಂದುಗಳಲ್ಲಿ ಒಂದೂ ಬೀಳದ ತಿಂಗಳು ಅಧಿಕ. ನಾವು ನಿರಯನ (ನಕ್ಷತ್ರ ಹಿಡಿದ ಲೆಕ್ಕ), ಅವರು ಸಾಯನ (ವಿಷುವ ಹಿಡಿದ ಲೆಕ್ಕ). ಅದಕ್ಕೇ 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂದರೆ ಅವರಿಗೆ ಅಧಿಕ ಎರಡನೇ ತಿಂಗಳು ಬಂತು. 13 ತಿಂಗಳ ವರ್ಷಕ್ಕೆ 384 ದಿನ. ಅದನ್ನು ಕೂಡಿಸದೆ ವಯಸ್ಸು ಹೇಗೆ ಸರಿಬರುತ್ತೆ?

ಪೆನಾಂಗ್‌ಅಕ್ಕ
ಪ್ರಿಯ ಅವರೇ, ವಯಸ್ಸು ಎಣಿಸೋಕೆ ಯಾರೂ ತಿಂಗಳು ಕೂಡಿಸ್ತಾ ಕೂರಲ್ಲ. ಇಲ್ಲಿನ ಚೀನೀ ಅಜ್ಜಿಯರು ಹೇಳೋ ಲೆಕ್ಕ ಸುಲಭ. ಮಗು ಹುಟ್ಟಿದಾಗಲೇ ಒಂದು ವರ್ಷ. ಆಮೇಲೆ ಹುಟ್ಟುಹಬ್ಬಕ್ಕೆ ವಯಸ್ಸು ಏರಲ್ಲ, ಚಾಂದ್ರ ಹೊಸ ವರ್ಷಕ್ಕೆ ಎಲ್ಲರಿಗೂ ಒಟ್ಟಿಗೆ ಏರುತ್ತೆ. ಇದಕ್ಕೆ ಶೂಸುಯ್ ಅನ್ನುತ್ತಾರೆ. ತುಂಬಿದ ವರ್ಷ ಎಣಿಸೋದು ಜೌಸುಯ್. ಸರ್ಕಾರಿ ಕಾಗದದಲ್ಲಿ ಈಗ ಎರಡನೆಯದೇ.

ನಮ್ಮ ಊರಲ್ಲೂ "ಎಂಟು ತುಂಬಿ ಒಂಬತ್ತರಲ್ಲಿ ನಡೀತಿದೆ" ಅಂತೀವಲ್ಲ, ಸ್ವಲ್ಪ ಆ ರೀತಿ. ಆದರೆ ಇಲ್ಲಿ ಹೊಸ ವರ್ಷ ಸೇರಿಕೊಂಡಿರೋದರಿಂದ ಇನ್ನೂ ಒಂದು ಜಾಸ್ತಿ ಆಗಬಹುದು. ನಿಮ್ಮ ಕಲ್ಲಿನ ಮನುಷ್ಯ ಹುಟ್ಟಿ ಹತ್ತು-ಹನ್ನೊಂದು ದಿನಕ್ಕೇ ಎರಡು ವರ್ಷದವನಾದ! ಯಾಕಂದ್ರೆ 1889ರ ಜನವರಿ 31ಕ್ಕೆ ಹೊಸ ವರ್ಷ. ಚಾಂದ್ರ ವರ್ಷ ಹಿಡಿದು ಲೆಕ್ಕ ಹಾಕಿ: 1955ರಲ್ಲಿ 1888 ಕಳೆದರೆ 67, ಒಂದು ಸೇರಿಸಿದರೆ 68.

ಪಂಚಾಂಗಪ್ರಿಯ
68! ನಾನು ಮೊದಲ ಉತ್ತರದಲ್ಲೇ 68 ಅಂದಿದ್ದೆ. ಮೇಲೆ ಹೋಗಿ ನೋಡಿ.

ಮಲ್ನಾಡ್‌ಬಿಟ್
ಎರಡು ದಾರಿಯಲ್ಲಿ ಒಂದೇ ಸಂಖ್ಯೆ ಬಂದ್ರೆ ಎರಡೂ ಸರಿ ಅಂತಲ್ಲ. ತೆಂಗಿನಗರಿ, ಚಿಕ್ಕ ವಯಸ್ಸಿನವರ ಕಲ್ಲು ಇದೆಯಾ?

ತೆಂಗಿನಗರಿ
ಇದೆ. ಮಿನ್‌ಗುವೋ 9, 10ನೇ ತಿಂಗಳು ಹುಟ್ಟು. ಮಿನ್‌ಗುವೋ 27, 3ನೇ ತಿಂಗಳು ಸಾವು. ಸ್ಕ್ರಿಪ್ಟ್ 17, ಕಲ್ಲು 19.

ಮಲ್ನಾಡ್‌ಬಿಟ್
17 ವರ್ಷದಲ್ಲಿ ಅಧಿಕ ಮಾಸ ಆರೇಳು. ಅರ್ಧ ವರ್ಷ. ಅದರಿಂದ 19 ಬರಲ್ಲ. ಅಕ್ಕನ ಲೆಕ್ಕ: 1938ರಲ್ಲಿ 1920 ಕಳೆದು 1 ಕೂಡಿಸಿದರೆ 19. ಮುಗೀತು.

ಹಳೇನಾಣ್ಯ
ಇಷ್ಟೆಲ್ಲ ಒದ್ದಾಡೋ ಬದಲು ಡೇಟಾಬೇಸ್‌ನಲ್ಲಿ ಚೀನೀ ವರ್ಷವನ್ನೇ ಹಾಕಿ. 4700 ಚಿಲ್ಲರೆ ಇದೆಯಲ್ಲ, ಒಂದೇ ಸಾಲಿನ ಎಣಿಕೆ, ಕಳೆದರೆ ಆಯ್ತು.

ಮಲ್ನಾಡ್‌ಬಿಟ್
ಅದು ಹಳೇ ಎಣಿಕೆ ಅಂತ ಅಂದುಕೊಂಡಿದ್ದೀರಾ? ಚೀನಾದಲ್ಲಿ ಅರಸನ ಆಳ್ವಿಕೆಯ ವರ್ಷ ಇತ್ತು, 60 ವರ್ಷದ ಸುತ್ತು ಇತ್ತು. ದಂತಕಥೆಯ ಹಳದಿ ಚಕ್ರವರ್ತಿಯಿಂದ ಎಣಿಸೋದು ಚಿಂಗ್ ರಾಜವಂಶದ ಕೊನೆಗೆ ಕ್ರಾಂತಿಕಾರಿಗಳು ಜನಪ್ರಿಯ ಮಾಡಿದ್ದು. ಅರಸನ ಹೆಸರಲ್ಲಿ ವರ್ಷ ಬರೆಯೋಕೆ ಅವರಿಗೆ ಇಷ್ಟ ಇರಲಿಲ್ಲ. ಕ್ರಾಂತಿಯ ನಾಯಕ ಸುನ್ ಯಾತ್ ಸೆನ್ 4609ನೇ ವರ್ಷದ 11ನೇ ತಿಂಗಳ 13ನೇ ದಿನವನ್ನು ಗಣರಾಜ್ಯದ ಮೊದಲ ದಿನ ಅಂತ ಸಾರಿದರು. ಅದೇ 1912ರ ಜನವರಿ 1. ಆದರೆ ಶುರು ಎಲ್ಲಿಂದ ಅನ್ನೋದರಲ್ಲಿ ಒಮ್ಮತ ಇಲ್ಲ, ಬೇರೆ ಬೇರೆ ಕಡೆ ಬೇರೆ ಬೇರೆ ಸಂಖ್ಯೆ. ಅದನ್ನು ಡೇಟಾಬೇಸ್‌ಗೆ ಹಾಕಿದ್ರೆ ಇನ್ನೊಂದು ಥ್ರೆಡ್ ಬೇಕಾಗುತ್ತೆ.

ಹಳೇನಾಣ್ಯ
ನನ್ನ ಹತ್ರ ಗುವಾಂಗ್‌ಶು ಕಾಲದ ಚೌಕ ತೂತಿನ ನಾಣ್ಯಗಳಿವೆ, ಅದರಲ್ಲಿ ವರ್ಷವೇ ಇಲ್ಲ, ಬರೀ ಆಳ್ವಿಕೆಯ ಹೆಸರು. ನೆಮ್ಮದಿ. ಅಂದಹಾಗೆ ಕಲ್ಲಿನ ಫೋಟೋ ಹೇಗೆ ತೆಗೀತೀರಿ? ನಾನು ನಾಣ್ಯಕ್ಕೆ ಎರಡು ಎಲ್‌ಇಡಿ, 100 ಎಂಎಂ ಮ್ಯಾಕ್ರೋ, ತಾಮ್ರದ ಸ್ಟ್ಯಾಂಡ್ ಇಟ್ಟಿದ್ದೇನೆ. ಅಕ್ಷರದ ಅಂಚು ಕೂಡ ಎದ್ದು ಕಾಣುತ್ತೆ.

ತೆಂಗಿನಗರಿ
ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಲ್ಲ. ಬೆಳಗ್ಗೆ ಓರೆ ಬೆಳಕಲ್ಲಿ ಅಥವಾ ಪಕ್ಕದಿಂದ ಟಾರ್ಚ್ ಹಿಡಿದು. ಸೀಮೆಸುಣ್ಣ ಹಚ್ಚೋರೂ ಇದ್ದಾರೆ, ದಯವಿಟ್ಟು ಹಚ್ಚಬೇಡಿ, ಕಲ್ಲು ಹಾಳಾಗುತ್ತೆ.

ಓರೆಬೆಳಕು
ಬುಕಿಟ್ ಬ್ರೌನ್ ನೋಡಿದ್ದೀರಾ? 1922ರಲ್ಲಿ ತೆರೆದು 1973ರಲ್ಲಿ ಮುಚ್ಚಿದ ಸ್ಮಶಾನ. ಅಲ್ಲಿನ ದೊಡ್ಡ ಸಮಾಧಿಗಳಲ್ಲಿ ಸಿಖ್ ಕಾವಲುಗಾರರ ಕಲ್ಲಿನ ಮೂರ್ತಿಗಳಿವೆ, ಕೈಯಲ್ಲಿ ಕೋವಿ. ನನ್ನ ಫುಲ್‌ಫ್ರೇಮ್‌ನಲ್ಲಿ ತೆಗೆದ ಫೋಟೋ ಮೀಸೆ ಎಳೆ ಎಣಿಸೋ ಹಾಗಿದೆ. ಬೇಕಾದ್ರೆ ಹಾಕ್ತೀನಿ.

ಪಂಚಾಂಗಪ್ರಿಯ
ವರ್ಷ ಬದಲಾಗೋದೇ ಹೊಸ ವರ್ಷದ ದಿನ ಅಂತ ಯಾರು ಹೇಳಿದ್ರು? ಅವರ ಜಾತಕದವರು ಫೆಬ್ರವರಿ 4ರ ಸುಮಾರಿಗೆ ಬರುವ ಲಿಚುನ್‌ಗೆ (ವಸಂತದ ಶುರು) ವರ್ಷ ಬದಲಿಸ್ತಾರೆ. ಮತ್ತೆ ಅವರ 60ರ ಸುತ್ತು ನಮ್ಮ ಸಂವತ್ಸರದ್ದೇ.

ಮಲ್ನಾಡ್‌ಬಿಟ್
ಲಿಚುನ್ ಜಾತಕಕ್ಕೆ. ಸಮಾಧಿ ಕಲ್ಲಿನ ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. 60ರ ಸುತ್ತು ನಮ್ಮದೇ ಅನ್ನೋದಾದ್ರೆ ನಮ್ಮ ಪ್ರಭವ 1987ರ ಯುಗಾದಿಗೆ, ಅವರ ಮೊದಲ ವರ್ಷ ಜ್ಯಾಜ಼ಿ 1984ಕ್ಕೆ ಯಾಕೆ? ನಮ್ಮದು ಗುರುಗ್ರಹದಿಂದ ಹುಟ್ಟಿದ್ದು. ಅವರದ್ದು 10 ಕಾಂಡ, 12 ಶಾಖೆ ಅನ್ನೋ ಎರಡು ಹೆಸರಿನ ಪಟ್ಟಿ ಒಟ್ಟಿಗೆ ತಿರುಗಿ 60ಕ್ಕೆ ಮತ್ತೆ ಕೂಡೋದು.

ಪಂಚಾಂಗಪ್ರಿಯ
ಮೂರು ವರ್ಷ ವ್ಯತ್ಯಾಸ. ಅಲ್ಲಿ ಉಳಿದಿದ್ದೂ ಮೂರು. ಯೋಚಿಸಿ.

ಮಲ್ನಾಡ್‌ಬಿಟ್
ಯೋಚಿಸಿದೆ. ಸಂಬಂಧ ಇಲ್ಲ.

ಪೆನಾಂಗ್‌ಅಕ್ಕ
ಜಗಳ ಆಮೇಲೆ ಆಡಿ. ತೆಂಗಿನಗರಿ, ಮೊದಲ ಕಲ್ಲಲ್ಲಿ 71ರ ಹಿಂದೆ ಏನು ಕೆತ್ತಿದೆ? ಪೂರ್ತಿ ಸಾಲು ಬೇಕು, ಬರೀ ಸಂಖ್ಯೆ ಅಲ್ಲ.

ತೆಂಗಿನಗರಿ
ಶ್ಯಾಂಗ್‌ಶೌ (ಬಾಳಿದ ಆಯಸ್ಸು) ಅಂತಿದೆ, ಅದು ಎಷ್ಟೋ ಕಲ್ಲಲ್ಲಿ ಇರುತ್ತೆ. ಅದಕ್ಕೂ ಮುಂಚೆ ಇನ್ನೆರಡು ಅಕ್ಷರ ಇವೆ. ಅದನ್ನು ಯಾರೂ ಕೇಳಿರಲಿಲ್ಲ. ಫೋಟೋ ಹಾಕಿದ್ದೇನೆ.

ಪೆನಾಂಗ್‌ಅಕ್ಕ
ಅದೇ! ಜೀರುನ್. ಬದುಕಿದ್ದಷ್ಟು ಕಾಲದ ಅಧಿಕ ಮಾಸಗಳನ್ನೂ ಕೂಡಿಸಿ ಹೇಳಿದ ವಯಸ್ಸು ಅಂತ. ಆದರೆ ಯಾರೂ ಕೂತು ತಿಂಗಳು ಎಣಿಸಲ್ಲ, ಸಾಮಾನ್ಯವಾಗಿ ಸೀದಾ ಮೂರು ವರ್ಷ ಸೇರಿಸಿಬಿಡ್ತಾರೆ. ಕೆಲವರು ಇದಕ್ಕೆ ಬೇರೆ ಕಾರಣ ಹೇಳ್ತಾರೆ: ಆಕಾಶಕ್ಕೆ ಒಂದು, ಭೂಮಿಗೆ ಒಂದು, ಮನುಷ್ಯನಿಗೆ ಒಂದು. ಇಲ್ಲಿನ ಚೀನೀ ಪತ್ರಿಕೆಗಳ ಶ್ರದ್ಧಾಂಜಲಿಯಲ್ಲೂ ಹೀಗೆ ಏರಿಸಿದ ವಯಸ್ಸು ಕಾಣುತ್ತೆ. ದೀರ್ಘಾಯುಷಿ ಅನ್ನೋ ಗೌರವ. ಹಾಗಾಗಿ ತುಂಬಿದ್ದು 66, ಶೂಸುಯ್ 68, ಮೂರು ಸೇರಿ 71.

ಎಲ್ಲ ಕುಟುಂಬಗಳೂ ಹಾಗೆ ಮಾಡಲ್ಲ. ನಿಮ್ಮ 19ರ ಹುಡುಗನ ಕಲ್ಲಲ್ಲಿ ಸೇರಿಸಿಲ್ಲ ನೋಡಿ. ಆ ಎರಡು ಅಕ್ಷರ ಇದ್ದರೆ ಮಾತ್ರ ಮೂರು ಕಳೆಯಿರಿ.

ಪಂಚಾಂಗಪ್ರಿಯ
ಅಧಿಕ ಮಾಸ. ಮೊದಲ ಉತ್ತರ. ಮೊದಲ ಸಾಲು. ಇನ್ನು ನಾನು ಏನೂ ಹೇಳಲ್ಲ.

ಮಲ್ನಾಡ್‌ಬಿಟ್
ಸರಿ, ಮೂರರ ಹೆಸರಿಗೆ ಮಾತ್ರ ನಿಮಗೆ ಅಂಕ. ಎರಡಕ್ಕೆ ಇಲ್ಲ.

ತೆಂಗಿನಗರಿ, ಕೋಡ್‌ಗೆ ಹೀಗೆ ಮಾಡಿ. ಕಲ್ಲಿನ ವಯಸ್ಸನ್ನು ತಿದ್ದಬೇಡಿ, ಅದಕ್ಕೊಂದು ಕಾಲಮ್. ತುಂಬಿದ ವಯಸ್ಸಿಗೆ ಇನ್ನೊಂದು, ಶೂಸುಯ್‌ಗೆ ಮತ್ತೊಂದು, ಜೀರುನ್ ಇದೆಯೋ ಇಲ್ಲವೋ ಅನ್ನೋದಕ್ಕೆ ಹೌದು/ಇಲ್ಲ. ಶೂಸುಯ್ ಅಂದ್ರೆ ಸತ್ತ ಚಾಂದ್ರ ವರ್ಷದಲ್ಲಿ ಹುಟ್ಟಿದ ಚಾಂದ್ರ ವರ್ಷ ಕಳೆದು 1 ಕೂಡಿಸೋದು. ಇಸವಿ ಹಿಡಿದು ಕಳೆಯಬೇಡಿ, ಜನವರಿಯಲ್ಲಿ ಹುಟ್ಟಿದವರು, ಸತ್ತವರು ಎಲ್ಲ ಒಂದೊಂದು ವರ್ಷ ಜಾರುತ್ತಾರೆ.

ತೆಂಗಿನಗರಿ
ಎರಡೂ ಕಲ್ಲು ಸರಿಬಂದವು! ಅಕ್ಕ, ನಿಮಗೆ ಒಂದು ಕೋಪಿ (ಇಲ್ಲಿನ ಕಾಫಿ) ಬಾಕಿ. ಈಗ ಮೂರನೇದು ಕೈಕೊಟ್ಟಿದೆ. ಹುಟ್ಟಿದ ವರ್ಷದಲ್ಲಿ ಅರಸನ ಹೆಸರೇ ಇಲ್ಲ, ಬರೀ "ಜ್ಯಾಜ಼ಿ". ಸಾವು ಮಿನ್‌ಗುವೋ 25, ವಯಸ್ಸು 73. ಸ್ಕ್ರಿಪ್ಟ್ ಮೈನಸ್ 48 ಅನ್ನುತ್ತಿದೆ.

ಮಲ್ನಾಡ್‌ಬಿಟ್
ನಿಮ್ಮ ಲೈಬ್ರರಿ ಹತ್ತಿರದ ಜ್ಯಾಜ಼ಿ ಹಿಡಿದಿದೆ, ಅಂದ್ರೆ 1984. ಹಿಂದಿನವು 1924, 1864. ಮಿನ್‌ಗುವೋ 25 ಅಂದ್ರೆ 1936. ಅದರಲ್ಲಿ 1864 ಕಳೆದು 1 ಕೂಡಿಸಿದರೆ 73. ಜೀರುನ್ ಇಲ್ಲ. 1924 ಆಗಿದ್ರೆ 13. ನಡುವೆ 60 ವರ್ಷ ಇರೋದರಿಂದ ಮೂರು ಹೆಚ್ಚುಕಮ್ಮಿ ಆದ್ರೂ ಗೊಂದಲ ಆಗಲ್ಲ. ಕಲ್ಲಿನ ವಯಸ್ಸಿಗೆ ಹತ್ತಿರ ಇರೋ ವರ್ಷ ಆರಿಸು ಅಂತ ಒಂದು ಸಾಲು ಬರೀರಿ.

ತೆಂಗಿನಗರಿ
ಬರೆದೆ, ಬಂತು. ಥ್ರೆಡ್ ಮುಚ್ಚಬಹುದು.

ಪಂಚಾಂಗಪ್ರಿಯ
ಮುಚ್ಚಬೇಡಿ. 1955ರಲ್ಲಿ ಚೀನೀ ಮೂರನೇ ತಿಂಗಳು ಎರಡು ಸಲ ಬಂದಿತ್ತು, ಒಂದು ನಿಜ, ಒಂದು ಅಧಿಕ. ನಿಮ್ಮ ಮೊದಲ ಕಲ್ಲಿನ 3ನೇ ತಿಂಗಳು ಯಾವುದು?

ತೆಂಗಿನಗರಿ
ಕಲ್ಲಲ್ಲಿ ಅಧಿಕ ಅಂತ ಇಲ್ಲ. ಯಾವುದಾದ್ರೂ ವಯಸ್ಸು ಬದಲಾಗಲ್ಲ ಅಲ್ವಾ?

ಪಂಚಾಂಗಪ್ರಿಯ
ವಯಸ್ಸು ಬದಲಾಗಲ್ಲ. ತಿಥಿ ಬದಲಾಗುತ್ತೆ!

ಓರೆಬೆಳಕು
ಸಿಖ್ ಕಾವಲುಗಾರನ ಫೋಟೋ ಹಾಕಿದ್ದೇನೆ, ಯಾರೂ ನೋಡೇ ಇಲ್ಲ.