ಹಳೇ ಮನೆಯ ಬೇಸ್‌ಮೆಂಟ್: ಸ್ಕ್ರೀಡ್ ಕೆಳಗೆ ಇನ್ಸುಲೇಷನ್ ಮೊದಲೋ, ವಾಟರ್‌ಪ್ರೂಫಿಂಗ್ ಮೊದಲೋ?

ನೆಲಮಾಳಿಗೆ68
ಸ್ಟುಟ್‌ಗಾರ್ಟ್ ಹತ್ತಿರ 1968ರ ಮನೆ. ಬೇಸ್‌ಮೆಂಟ್ ಕೋಣೆ 5 × 4 ಮೀಟರ್, ಎತ್ತರ 2.32 ಮೀಟರ್. ಹಳೇ ಸ್ಕ್ರೀಡ್ (ಟೈಲ್ಸ್ ಕೆಳಗಿನ ಸಮತಟ್ಟು ಗಾರೆ ಪದರ) ಒಡೆದು ತೆಗೆದಾಗಿದೆ. ಕೆಳಗೆ ಬರೀ ಕಾಂಕ್ರೀಟ್ ಸ್ಲ್ಯಾಬ್. ನೀರು ನಿಲ್ಲಲ್ಲ, ಆದರೆ ರಟ್ಟಿನ ಪೆಟ್ಟಿಗೆ ಇಟ್ಟರೆ ತಳ ಮೆತ್ತಗಾಗುತ್ತೆ. ಆಫೀಸ್ ಕೋಣೆ ಮಾಡಿ ಟೈಲ್ಸ್ ಹಾಕಿಸಬೇಕು. ಕಂಟ್ರಾಕ್ಟರ್ ಹೇಳೋದು: ಸ್ಲ್ಯಾಬ್ ಮೇಲೆ ನೇರವಾಗಿ 5 ಸೆಂ.ಮೀ. ಥರ್ಮೊಕೋಲ್, ಮೇಲೆ ಪ್ಲಾಸ್ಟಿಕ್ ಹಾಳೆ, ಆಮೇಲೆ ಸ್ಕ್ರೀಡ್. ಊರಲ್ಲಿರುವವರು ಬ್ರಷ್‌ನಲ್ಲಿ ಬಳಿಯೋ ಸಿಮೆಂಟ್ ಕೋಟಿಂಗೇ ಸಾಕು ಅಂತಾರೆ. ಯಾವುದು ಸರಿ?

ತೇವಮಾಪಕ
ಎರಡೂ ಸಾಲದು. ಆದರೆ ಅದಕ್ಕೂ ಮುಂಚೆ ತೇವ ಎಲ್ಲಿಂದ ಬರ್ತಿದೆ ನೋಡಿ. 1 × 1 ಮೀಟರ್ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಮೂರು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿಗಟ್ಟಿದರೆ ಮಣ್ಣಿನ ತೇವ, ಮೇಲೆ ಹನಿಗಟ್ಟಿದರೆ ಗಾಳಿಯದು. ಬೇಸಿಗೆಯಲ್ಲಿ 28 ಡಿಗ್ರಿ, 60% ಆರ್ದ್ರತೆಯ ಗಾಳಿ ಒಳಗೆ ಬಂದರೆ ಸುಮಾರು 19.5 ಡಿಗ್ರಿಗೆ ತಣಿದ ಯಾವುದರ ಮೇಲಾದರೂ ನೀರಾಗುತ್ತೆ. ಇನ್ಸುಲೇಷನ್ ಇಲ್ಲದ ನೆಲ ಅದಕ್ಕಿಂತ ತಣ್ಣಗಿರೋದೇ ಹೆಚ್ಚು. ಮಧ್ಯಾಹ್ನ ಕಿಟಕಿ ತೆರೆದಿಟ್ಟು ಕೋಣೆ ಒಣಗಿಸೋಕೆ ಹೊರಟರೆ ಆಗೋದು ಇದೇ.

ಜೋರು ಮಳೆ ಆದ ಮೇಲೆ ಗೋಡೆ-ನೆಲ ಸೇರುವ ಮೂಲೆಯನ್ನೂ ನೋಡಿ. ಅಲ್ಲಿ ನೀರು ಜಿನುಗಿದರೆ ಅದು ಒತ್ತಡದ ನೀರು, ಕೆಲಸ ನಿಲ್ಲಿಸಿ. ಅಂತರ್ಜಲ ಸ್ಲ್ಯಾಬಿನ ಮೇಲ್ಮೈಗಿಂತ ಬರೀ 10 ಸೆಂ.ಮೀ. ಮೇಲೆ ಬಂದರೂ ಚದರ ಮೀಟರಿಗೆ 100 ಕೆ.ಜಿ.ಯಷ್ಟು ಒತ್ತಡದಿಂದ ಮೇಲೆ ನೂಕುತ್ತೆ. 45 ಮಿ.ಮೀ. ಸ್ಕ್ರೀಡ್ ಚದರ ಮೀಟರಿಗೆ ತೂಗೋದು ಸುಮಾರು 90 ಕೆ.ಜಿ. ಅಂದರೆ ಶೀಟು, ಇನ್ಸುಲೇಷನ್, ಸ್ಕ್ರೀಡ್ ಎಲ್ಲಾ ಸೇರಿ ಎದ್ದುಬಿಡಬಹುದು. ಆ ಪರಿಸ್ಥಿತಿಗೆ ಬೇರೆಯದೇ ವಿನ್ಯಾಸ ಬೇಕು, ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ.

ಗಾರೆಕೆಲಸ
ಬರೀ ಮಣ್ಣಿನ ತೇವವಾದರೆ ಕೆಳಗಿಂದ ಮೇಲಕ್ಕೆ ಹೀಗೆ: ಸ್ಲ್ಯಾಬ್, ಪ್ರೈಮರ್ (ಶೀಟ್ ಹಿಡಿಯೋಕೆ ಬಳಿಯೋ ಮೊದಲ ಲೇಪ), ಅಲ್ಯೂಮಿನಿಯಂ ಪದರ ಇರುವ 4 ಮಿ.ಮೀ. ಬಿಟುಮೆನ್ (ಡಾಂಬರಿನಂಥ) ಶೀಟ್, 60 ಮಿ.ಮೀ. ಇನ್ಸುಲೇಷನ್, ಪಿಇ (ಪ್ಲಾಸ್ಟಿಕ್) ಹಾಳೆ, 45 ಮಿ.ಮೀ. ಸಿಮೆಂಟ್ ಸ್ಕ್ರೀಡ್, ಟೈಲ್ಸ್. ಒಟ್ಟು 12 ಸೆಂ.ಮೀ., ಉಳಿಯೋ ಎತ್ತರ 2.20. ಬಾಗಿಲಿನ ಎತ್ತರ, ಮೆಟ್ಟಿಲಿನ ಕೊನೇ ಹಂತ ಈಗಲೇ ಅಳೆಯಿರಿ. 18 ಸೆಂ.ಮೀ. ಇದ್ದ ಹಂತ 6ಕ್ಕೆ ಇಳಿದರೆ ಎಡವೋದು ಖಂಡಿತ.

ನಿಮ್ಮ ಕಂಟ್ರಾಕ್ಟರ್ ಹೇಳಿದ ಪ್ಲಾಸ್ಟಿಕ್ ಹಾಳೆಯ ಕೆಲಸವೇ ಬೇರೆ. ಅದು ಹಸಿ ಸ್ಕ್ರೀಡಿನ ನೀರು ಇನ್ಸುಲೇಷನ್ ಸಂದಿಗೆ ಇಳಿಯದಂತೆ ತಡೆಯೋಕೆ ಅಷ್ಟೇ. ಮಣ್ಣಿನ ಆವಿಯನ್ನು ತಡೆಯೋ ಪದರ ಇನ್ಸುಲೇಷನ್ ಕೆಳಗೇ ಇರಬೇಕು.

20 ಚದರ ಮೀಟರಿಗೆ 1 × 5 ಮೀಟರಿನ ಬಿಟುಮೆನ್ ಶೀಟ್ 6 ರೋಲ್ ತನ್ನಿ. ಪಕ್ಕದ ಶೀಟಿನ ಮೇಲೆ ಹತ್ತಿಸೋಕೆ 10 ಸೆಂ.ಮೀ. ಹೋಗುತ್ತೆ, ಅಂಚಿಗೂ ಬೇಕು. ಪ್ರೈಮರ್ 6 ಲೀಟರ್. ಗೋಡೆಯ ಬುಡದಲ್ಲಿ ಅಡ್ಡ ತೇವತಡೆ ಪದರ ಇದ್ದರೆ ಶೀಟನ್ನು ಅದಕ್ಕೇ ಅಂಟಿಸಿ ಮುಗಿಸಿ. ಈ ಜೋಡಣೆ ಬಿಟ್ಟರೆ ನೆಲ ಒಣಗಿರುತ್ತೆ, ಗೋಡೆಯ ಬುಡದ ಪ್ಲಾಸ್ಟರ್ ಉದುರುತ್ತೆ.

ಇನ್ಸುಲೇಷನ್ ಗಟ್ಟಿಯದ್ದೇ ಬೇಕು, ಪೊಟ್ಟಣದ ಮೇಲೆ ಡಿಇಒ (DEO) ಅಂತಿರಬೇಕು. ಡಿಇಎಸ್ (DES) ಅನ್ನೋದು ಹೆಜ್ಜೆ ಸದ್ದಿಗೆ ಮಾಡಿದ ಮೆತ್ತನೆಯದು, ಇಲ್ಲಿ ಬೇಡ. 035 ದರ್ಜೆಯ (ಶಾಖ ಸಾಗಿಸೋ ಗುಣದ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೇದು) 60 ಮಿ.ಮೀ. ಥರ್ಮೊಕೋಲಿನಲ್ಲಿ ಯು-ಮೌಲ್ಯ (ನೆಲದಿಂದ ಸೋರಿಹೋಗೋ ಶಾಖದ ಅಳತೆ) ಸುಮಾರು 0.5, ಅಷ್ಟೇ ದಪ್ಪದ 024 ಪಿಯು (ಪಾಲಿಯುರೆಥೇನ್) ಬೋರ್ಡಿನಲ್ಲಿ 0.36. ಎತ್ತರ ಇಷ್ಟು ಬಿಗಿ ಇರುವಾಗ ಪಿಯುಗೆ ಕೊಡೋ ಹೆಚ್ಚಿನ ದುಡ್ಡು ದಂಡ ಅಲ್ಲ.

ನೆಲಮಾಳಿಗೆ68
ಶೀಟ್ ಅಂಟಿಸೋಕೆ ಗ್ಯಾಸ್ ಟಾರ್ಚ್ ಬೇಕಾ? ಒಂದೇ ಸಣ್ಣ ಕಿಟಕಿ ಇದೆ.

ಗಾರೆಕೆಲಸ
ಬೇಡವೇ ಬೇಡ. ಪ್ರೊಪೇನ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತೆ. ಸಾಲ್ವೆಂಟ್ ಪ್ರೈಮರಿನ ಆವಿಯೂ ಜೊತೆಗಿದ್ದರೆ ಒಂದು ಕಿಡಿ ಸಾಕು. ತಾನೇ ಅಂಟುವ ಶೀಟು, ನೀರಿನ ಆಧಾರದ ಪ್ರೈಮರ್ ತನ್ನಿ, ಸಿಲಿಕಾನ್ ರೋಲರ್‌ನಲ್ಲಿ ಒತ್ತಿ. ಸ್ಲ್ಯಾಬ್ ಧೂಳಿಲ್ಲದೆ ಒಣಗಿರಬೇಕು. ಉಬ್ಬುತಗ್ಗು ಇದ್ದರೆ ಮೊದಲೇ ಸಮ ಮಾಡಿ, ಇಲ್ಲದಿದ್ದರೆ ಬೋರ್ಡ್ ಅಲ್ಲಾಡಿ ಸ್ಕ್ರೀಡ್ ಬಿರುಕು ಬಿಡುತ್ತೆ.

ಬೆಂಗಳೂರು_ಸಿವಿಲ್
ಊರಿನವರ ಸಲಹೆ ಊರಿಗೆ ಸರಿ. ಬೆಂಗಳೂರಲ್ಲಿ ನೆಲ ಅಷ್ಟೊಂದು ತಣಿಯಲ್ಲ, ಒಳಗಿಂದ ಪಾಲಿಮರ್-ಸಿಮೆಂಟ್ ಕೋಟಿಂಗ್ ಎರಡು ಕೈ ಬಳಿದು ನಿಭಾಯಿಸ್ತೀವಿ. ಅದು ನೀರು ತಡೆಯುತ್ತೆ, ಆವಿಯನ್ನು ಪೂರ್ತಿ ತಡೆಯಲ್ಲ. ಗಡಸು ಬಗೆಯದಾದರೆ ಸ್ಲ್ಯಾಬ್ ಸೀಳಿದ ಕಡೆ ತಾನೂ ಸೀಳುತ್ತೆ. ಮೇಲೆ ಇನ್ಸುಲೇಷನ್ ಮುಚ್ಚೋದಿದ್ದರೆ ಶೀಟೇ ಸರಿ.

ಗಾರೆಕೆಲಸ
ಸ್ಕ್ರೀಡ್ ಬಗ್ಗೆ ಉಳಿದದ್ದು. ಒಟ್ಟು 0.9 ಘನ ಮೀಟರ್, ಅಂದರೆ ಸಿದ್ಧ ಮಿಶ್ರಣದ 40 ಕೆ.ಜಿ. ಚೀಲ ಸುಮಾರು 45. ಜಿಪ್ಸಮ್ ಆಧಾರದ ಅನ್‌ಹೈಡ್ರೈಟ್ ಸ್ಕ್ರೀಡ್ ಅಗ್ಗಕ್ಕೆ ಸಿಕ್ಕರೂ ಬೇಡ, ಮತ್ತೆ ತೇವ ಬಂದರೆ ಮೆತ್ತಗಾಗುತ್ತೆ. ಮಿಶ್ರಣ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಗೋಡೆ ಸುತ್ತ 8-10 ಮಿ.ಮೀ. ಅಂಚುಪಟ್ಟಿ ಎಲ್ಲೂ ಕಡಿಯದೆ ಇರಲಿ. ಟೈಲ್ಸ್ ಸಂದಿಗೆ ಗ್ರೌಟ್ ತುಂಬಿದ ಮೇಲೇ ಅದರ ಹೆಚ್ಚುವರಿ ಭಾಗ ಕತ್ತರಿಸಿ. ಬಾಗಿಲ ಹೊಸ್ತಿಲಲ್ಲಿ ಸ್ಕ್ರೀಡ್ ಬೇರ್ಪಡಿಸೋ ಒಂದು ಜಾಯಿಂಟ್ ಇರಲಿ.

ಮೊದಲ ವಾರ ಹಾಳೆ ಹೊದಿಸಿ, ಡೀಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ) ಹಚ್ಚಬೇಡಿ. ಮೇಲ್ಭಾಗ ಬೇಗ ಒಣಗಿದರೆ ಮೂಲೆಗಳು ಮೇಲಕ್ಕೆ ಮುರುಟುತ್ತವೆ. ಆಮೇಲೆ ಹಚ್ಚಿ. ಸ್ಕ್ರೀಡ್ ಒಣಗೋಕೆ ಐದು ವಾರ ಅನ್ನೋದು ಅಂದಾಜು ಮಾತ್ರ. ಸಿಎಂ ಪರೀಕ್ಷೆಯಲ್ಲಿ (ಸ್ಕ್ರೀಡಿನ ಚೂರು ತೆಗೆದು ಕಾರ್ಬೈಡ್ ಬೆರೆಸಿ ತೇವ ಅಳೆಯೋದು) ತೇವ 2 ಶೇಕಡಾಗೆ ಇಳಿಯೋವರೆಗೆ ಟೈಲ್ಸ್‌ನವನನ್ನು ಕರೆಸಬೇಡಿ.