ಕಾರ್ಬುರೇಟರ್ ಬಿಡು, ಟ್ಯಾಂಕ್ ಇಳಿಸು

ಅಳಿಯಾ, ನೀನು ಗ್ರೂಪಿನಲ್ಲಿ ಹಾಕಿದ್ದು ಈಗ ಕೇಳಿದೆ. ಅಜ್ಜನ ಹಳೆಯ ಯೆಜ್ಡಿ ಬೈಕ್ ಮನೆಯಿಂದ ಚೆನ್ನಾಗೇ ಹೊರಡುತ್ತದೆ, ಸೇಡಂ ರೋಡ್ ಮುಟ್ಟುವಷ್ಟರಲ್ಲಿ ಗುಕ್ ಗುಕ್ ಅಂದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಪದೇ ಪದೇ ಕಾರ್ಬುರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ, ತೊಳೆದು, ಈಗ ಹೊಸದೇ ಹಾಕೋಣ ಅಂತಿದ್ದಾರೆ. ಹೀಗೆ ತಾನೆ? ಹೊಸದು ಕೊಳ್ಳಬೇಡ. ಸದ್ಯಕ್ಕೆ ಗಾಡಿ ಓಡಿಸಲೂ ಬೇಡ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಮೊದಲು ಒಂದು ಸಣ್ಣ ಪರೀಕ್ಷೆ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ಸುಸ್ ಅಂತ ಗಾಳಿ ಎಳೆದುಕೊಂಡ ಸದ್ದು ಬರುತ್ತಾ? ಬಂದರೆ ಮುಚ್ಚಳದಲ್ಲಿರುವ ಗಾಳಿ ತೂತು ಮುಚ್ಚಿದೆ ಅಂತ. ಪೆಟ್ರೋಲ್ ಕೆಳಗೆ ಇಳಿದಷ್ಟು ಗಾಳಿ ಒಳಗೆ ಬರಬೇಕು, ಬರದಿದ್ದರೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ನಮ್ಮ ವಾಡಿ, ಶಹಾಬಾದ್ ಕಡೆ ಓಡಾಡಿದ ಗಾಡಿಗೆ ಕಲ್ಲಿನ ಪುಡಿ, ಸಿಮೆಂಟ್ ಧೂಳು ಎಲ್ಲ ಆ ತೂತಿನಲ್ಲೇ ಕೂರುತ್ತದೆ. ತೊಳೆದು ಊದಿದರೆ ಮುಗಿಯಿತು. ಆದರೆ ನೀನು ಕಳಿಸಿದ ಫೋಟೋದಲ್ಲಿ ಕಾರ್ಬುರೇಟರ್ ಬಟ್ಟಲ ತಳದಲ್ಲಿ ಕೆಂಪು ಪುಡಿ ಇದೆಯಲ್ಲ, ಅದು ಜಂಗು, ಅಂದರೆ ತುಕ್ಕು. ಜಂಗು ಕಾರ್ಬುರೇಟರಿನಲ್ಲಿ ಹುಟ್ಟುವುದಿಲ್ಲ, ಟ್ಯಾಂಕಿನಿಂದ ಇಳಿಯುತ್ತದೆ. ಮೇಲಿನ ನೀರಿನ ಟಾಕಿ ಕೆಸರಾಗಿದ್ದರೆ ಕೆಳಗೆ ನಲ್ಲಿ ಬದಲಿಸಿ ಏನು ಉಪಯೋಗ, ಅಲ್ವಾ?

ಓಡಿಸಬೇಡ ಅಂದದ್ದಕ್ಕೆ ಕಾರಣ ಇದೆ. ಈ ಹಳೆಯ ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆಗೇ ಹೋಗುತ್ತದೆ, ಬೇರೆ ದಾರಿ ಇಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ಹಿತ್ತಾಳೆ ತೂತುಗಳಿಗೆ ಜೆಟ್ ಅನ್ನುತ್ತಾರೆ. ವೇಗದಲ್ಲಿ ಓಡುವಾಗ ಕೆಲಸ ಮಾಡುವ ಮೇನ್ ಜೆಟ್ ತೂತು ಒಂದು ಮಿಲಿಮೀಟರ್ ಆಸುಪಾಸು, ನಿಧಾನದಲ್ಲಿ ಕೆಲಸ ಮಾಡುವ ಪೈಲಟ್ ಜೆಟ್ ಅದಕ್ಕಿಂತ ಎಷ್ಟೋ ಸಣ್ಣದು. ಮೇನ್ ಜೆಟ್ ಅರ್ಧ ಮುಚ್ಚಿದರೂ ಎಂಜಿನ್ ಓಡುತ್ತಲೇ ಇರುತ್ತದೆ, ಆದರೆ ಪೆಟ್ರೋಲೂ ಕಡಿಮೆ, ಆಯಿಲೂ ಕಡಿಮೆ. ಶಾಖ ಏರಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ರಿಂಗ್ ರೋಡಿನಲ್ಲಿ ವೇಗದಲ್ಲಿರುವಾಗ ಹಾಗೆ ಸೀಜ್ ಆದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ನನಗೆ ಭಯ ಇರುವುದು ಅದಕ್ಕೇ. ಇನ್ನೊಂದು, ಜೆಟ್ ತೂತಿಗೆ ತಂತಿ ಚುಚ್ಚಲು ಯಾರಿಗೂ ಬಿಡಬೇಡ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಅಳತೆ ಕೆಡುತ್ತದೆ. ಗಾಳಿ ಹೊಡೆದರೆ ಸಾಕು.

ಈಗ ಟ್ಯಾಂಕ್. ಅಂಗಳದಲ್ಲಿ, ಬೀಡಿ ಬೆಂಕಿ ಹತ್ತಿರ ಇಲ್ಲದ ಕಡೆ ಪೆಟ್ರೋಲ್ ಇಳಿಸಿ ಗಾಜಿನ ಬಾಟಲಿಗೆ ಹಾಕು. ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ಬೇರೆ ಪದರ ಕಾಣಬಹುದು, ಅದು ನೀರು. ಈಗ ಬಂಕ್‌ಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಸಮೇತ ಬೇರ್ಪಟ್ಟು ತಳಕ್ಕೆ ಇಳಿದು ತಗಡಿನ ಮೇಲೇ ನಿಲ್ಲುತ್ತದೆ. ಈ ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಕಾಲದ ಟ್ಯಾಂಕ್, ರಬ್ಬರ್ ಪೈಪ್ ಮಾಡುವಾಗ ಇಂಥ ಪೆಟ್ರೋಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಹಳೆಯ ಪೈಪ್ ಒಳಗಿನಿಂದ ಮೆತ್ತಗಾಗಿ ಕರಿ ಚೂರು ಬಿಡುತ್ತದೆ, ಅದನ್ನು ತೆಗೆದು ಎಥನಾಲ್ ತಡೆಯುವ ಪೈಪ್ ಹಾಕಿಸು.

ಟ್ಯಾಂಕಿನ ಜಂಗು ತೆಗೆಯಲು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡವೇ ಬೇಡ. ಅದು ಜಂಗಿನ ಜೊತೆ ತಗಡನ್ನೂ ತಿನ್ನುತ್ತದೆ, ಆಮೇಲೆ ಮೊದಲಿಗಿಂತ ಬೇಗ ಜಂಗು ಹಿಡಿಯುತ್ತದೆ. ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ತಗೋ, ನಿಂಬೆ ಉಪ್ಪು ಅಂದರೂ ಕೊಡುತ್ತಾರೆ. ಟ್ಯಾಂಕಿನ ಕೆಳಗಿರುವ ಪೆಟ್ರೋಲ್ ಟ್ಯಾಪ್ ತೆಗೆದು ಆ ತೂತು ಬಿಗಿಯಾಗಿ ಮುಚ್ಚು. ಮೊದಲು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆ, ಆಯಿಲ್ ಜಿಡ್ಡು ಇದ್ದರೆ ಆಸಿಡ್ ಜಂಗಿಗೆ ಮುಟ್ಟುವುದೇ ಇಲ್ಲ. ಸಡಿಲ ಜಂಗು ಉದುರಿಸಲು ಸಣ್ಣ ಸರಪಳಿ ಹಾಕಿ ಅಲ್ಲಾಡಿಸು. ನಟ್ಟು ಬೋಲ್ಟು ಹಾಕಿದರೆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಸರಪಳಿ ಒಂದೇ ಎಳೆತಕ್ಕೆ ಹೊರಬರುತ್ತದೆ. ಆಮೇಲೆ ಬಿಸಿ ನೀರಿಗೆ ಲೀಟರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಕತ್ತಿನ ತನಕ ತುಂಬು. ಪೇಂಟಿನ ಮೇಲೆ ಚೆಲ್ಲದಂತೆ ಪ್ಲಾಸ್ಟಿಕ್ ಸುತ್ತಿರು. ಮುಚ್ಚಳ ಬಿಗಿ ಮಾಡಬೇಡ, ಒಳಗೆ ಗ್ಯಾಸ್ ಏಳುತ್ತದೆ. ಆಗಾಗ ಇಣುಕಿ ನೋಡು, ಬೂದು ಬಣ್ಣದ ತಗಡು ಕಂಡ ತಕ್ಷಣ ಚೆಲ್ಲು. ಮರೆತು ದಿನಗಟ್ಟಲೆ ಬಿಡಬಾರದು.

ಚೆಲ್ಲಿದ ಮೇಲೆ ಮಾತ್ರ ಆಲಸ್ಯ ಬೇಡ. ಅಡುಗೆ ಸೋಡಾ ಕಲಸಿದ ನೀರು ಒಮ್ಮೆ, ಬರೀ ನೀರು ಒಮ್ಮೆ, ಕೂಡಲೇ ಒಣಗಿಸು. ಬರಿಮೈ ತಗಡು ಒದ್ದೆ ಇದ್ದರೆ ನಿಮಿಷಗಳಲ್ಲೇ ಮತ್ತೆ ಕೆಂಪಾಗುತ್ತದೆ. ಅದಕ್ಕೇ ಈ ಕೆಲಸ ನಮ್ಮ ಕಲಬುರಗಿ ಬಿಸಿಲಿನಲ್ಲಿ, ಮಧ್ಯಾಹ್ನಕ್ಕೆ ಮುಗಿಯುವ ಹಾಗೆ ಮಾಡು. ನಡುವೆ ಫ್ರೇಮ್ ಕೂರುವ ಉಬ್ಬು ಇದೆಯಲ್ಲ, ಅದರ ಎರಡೂ ಬದಿಯಲ್ಲಿ ನೀರು ನಿಲ್ಲುತ್ತದೆ, ಟ್ಯಾಂಕ್ ಬೋರಲು ಹಾಕಿ ಓರೆ ಮಾಡಿ ಬಸಿಯಬೇಕು. ಒಣಗಿದ ಮೇಲೆ ಟೂ ಸ್ಟ್ರೋಕ್ ಆಯಿಲ್ ಸ್ವಲ್ಪ ಸುರಿದು ಎಲ್ಲ ಕಡೆ ಆಡಿಸು. ಒಳಗೆ ಲೇಪ ಹಾಕಿಸುವ ವಿಷಯ ಅಣ್ಣ ಹೇಳಿದ್ದಾನೆ. ತಗಡು ತೂತು ಬಿದ್ದಿದ್ದರೆ ಸರಿ, ಇಲ್ಲದಿದ್ದರೆ ಬೇಡ. ಸರಿಯಾಗಿ ಕೂರದ ಲೇಪ ಸಿಪ್ಪೆ ಎದ್ದು ಅದೇ ಟ್ಯಾಪಿಗೆ ಅಡ್ಡ ಬರುತ್ತದೆ.

ಫಿಲ್ಟರ್ ಹಾಕು, ಆದರೆ ಕಾರಿನದು ಬೇಡ. ಕಾರಿನಲ್ಲಿ ಪಂಪ್ ತಳ್ಳುತ್ತದೆ, ಇಲ್ಲಿ ಪೆಟ್ರೋಲ್ ತಾನಾಗೇ ಇಳಿಯಬೇಕು, ದಪ್ಪ ಕಾಗದದ ಫಿಲ್ಟರ್ ದಾಟುವುದಿಲ್ಲ. ಟ್ಯಾಪಿನ ಹಿತ್ತಾಳೆ ಜಾಲರಿ, ಜೊತೆಗೆ ಬೈಕಿನದೇ ಸಣ್ಣ ಪಾರದರ್ಶಕ ಫಿಲ್ಟರ್ ಸಾಕು. ಹೊರಗಿನಿಂದಲೇ ಕೆಂಪು ಕಾಣುತ್ತದೆ.

ಇನ್ನು ಮುಂದೆ ವಾರಕ್ಕೊಮ್ಮೆ ಓಡಿಸುವುದಾದರೆ ಟ್ಯಾಂಕ್ ತುಂಬಿರಲಿ, ಒಳಗೆ ತೇವದ ಗಾಳಿ ಕಡಿಮೆ. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಖಾಲಿ ಮಾಡಿ ಆಯಿಲ್ ಸವರಿಡು, ಕಾರ್ಬುರೇಟರ್ ಬಟ್ಟಲನ್ನೂ ಬರಿದು ಮಾಡು. ಮುಚ್ಚಳದ ವಾಶರ್ ಒಡೆದಿದ್ದರೆ ಗಾಡಿ ತೊಳೆಯುವಾಗ ನೀರು ಒಳಗೆ ಹೋಗುತ್ತದೆ, ಅದನ್ನೂ ನೋಡು. ಟ್ಯಾಪ್ ಬಿಚ್ಚಿದಾಗ ಹಳೆಯ ವಾಶರ್ ಎಸೆಯಬೇಡ. ಪೇಟೆಯ ಸೂಪರ್ ಮಾರ್ಕೆಟ್ ಕಡೆ ಬಿಡಿಭಾಗ ತರಲು ಹೋಗುವಾಗ ಅದನ್ನೇ ಕೈಯಲ್ಲಿ ಹಿಡಿದು ಹೋಗು, ಅಳತೆಗೆ ಹೊಂದುವುದನ್ನು ಆರಿಸಿ ತರಬಹುದು.