ಸಹಾಯ ಬೇಕು: ಸಾಲದ ಭದ್ರತೆಗೆ ಕೊಟ್ಟ ಕ್ರಯದ ಕರಾರು, ರಿಟನ್ ಸ್ಟೇಟ್‌ಮೆಂಟ್ (ಪ್ರತಿವಾದಿಯ ಲಿಖಿತ ಉತ್ತರ) ಹೇಗಿರಬೇಕು?

ಸಿವಿಲ್ ಕಡೆ ಪ್ರಾಕ್ಟೀಸ್ ಮಾಡುವ ಹಿರಿಯರು ದಯವಿಟ್ಟು ನೋಡಿ. ಸಾಲ ಕೊಟ್ಟವರು 4 ಲಕ್ಷ ಕೈಸಾಲಕ್ಕೆ ಭದ್ರತೆ ಅಂತ ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಆಮೇಲೆ ಅದರಲ್ಲೇ 1 ಎಕರೆಯ ಕ್ರಯದ ಕರಾರು (ಜಮೀನು ಮಾರುವ ಒಪ್ಪಂದ) ಟೈಪ್ ಮಾಡಿಸಿ, ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹಾಕಿದ್ದಾರೆ. ಸಾಲ ಪಡೆದ ಪ್ರತಿವಾದಿ ನಮ್ಮ ಕಕ್ಷಿದಾರರು, ಅವರಿಗೆ ಓದು ಬರಹ ಬಾರದು. ಸಮನ್ಸ್ ಜಾರಿಯಾಗಿದೆ, ಉತ್ತರ ಸಲ್ಲಿಸುವ 30 ದಿನದ ಲೆಕ್ಕ ಓಡುತ್ತಿದೆ.

"ಮೋಸ ಆಗಿದೆ" ಎಂಬ ಒಂದು ಸಾಲು ಸಾಲದು. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 6 ನಿಯಮ 4ರಂತೆ ದಿನಾಂಕ, ಸ್ಥಳ, ಯಾರು ಏನು ಹೇಳಿ ಒತ್ತಿಸಿಕೊಂಡರು ಎಲ್ಲ ಬರೆಯುತ್ತೇವೆ. ಇದು ಸಾಲವೇ, ಮಾರಾಟವಲ್ಲ ಎಂಬ ಬಾಯಿಸಾಕ್ಷ್ಯಕ್ಕೆ ಸುಪ್ರೀಂ ಕೋರ್ಟಿನ 1982ರ ಗಂಗಾಬಾಯಿ ತೀರ್ಪು ಇದೆ. ನೋಂದಣಿಯಾಗಿಲ್ಲ ಎಂಬ ತಕರಾರು ಮಾತ್ರ ಇಂಥ ದಾವೆಯಲ್ಲಿ ನಿಲ್ಲದು, ನೋಂದಣಿಯಾಗದ ಕರಾರನ್ನೂ ಸಾಕ್ಷ್ಯವಾಗಿ ಬಿಡುವ ನೋಂದಣಿ ಕಾಯ್ದೆ ಕಲಂ 49ರ ಪರಂತುಕವೇ (ವಿನಾಯಿತಿ) ಅಡ್ಡ.

ಕರಾರಿನಲ್ಲಿ "ಸ್ವಾಧೀನ ಕೊಟ್ಟಿದೆ" ಎಂದಿದೆ, ಛಾಪಾ ಮಾತ್ರ 200 ರೂಪಾಯಿ! ಕ್ರಯಪತ್ರದಷ್ಟೇ ಶುಲ್ಕ, ಕೊರತೆಯ ಹತ್ತು ಪಟ್ಟು ದಂಡ ಬೀಳಬೇಕು. ದಾಖಲೆ ನಿಶಾನೆ ಆಗುವ (ಸಾಕ್ಷ್ಯವಾಗಿ ಗುರುತಾಗುವ) ಮೊದಲೇ ಆಕ್ಷೇಪಿಸದಿದ್ದರೆ ಕರ್ನಾಟಕ ಸ್ಟಾಂಪ್ ಕಾಯ್ದೆ ಕಲಂ 35 ಬಾಯಿ ಕಟ್ಟುತ್ತದೆ.

ಗೊಂದಲ ಇಷ್ಟೇ: "ಇಂಥ ಕರಾರೇ ಆಗಿಲ್ಲ" ಎನ್ನುವುದರ ಜೊತೆಗೆ ಪರ್ಯಾಯವಾಗಿ ಕರಾರು ಕಾಯ್ದೆ ಕಲಂ 19ಎ ಅನುಚಿತ ಪ್ರಭಾವವನ್ನೂ ಹೇಳಬಹುದೇ? ಕರಾರಿನ ರದ್ದತಿಗೆ ಪ್ರತಿದಾವೆ (ಇದೇ ಕೇಸಿನಲ್ಲಿ ಪ್ರತಿವಾದಿ ಹಾಕುವ ಎದುರು ದಾವೆ) ಬೇಕೇ? ರದ್ದತಿ ಕೇಳಲು ಇರುವ 3 ವರ್ಷದ ಕಾಲಮಿತಿ ಹತ್ತಿರವಿದೆ. ಮಾದರಿ ಡ್ರಾಫ್ಟ್ ಇದ್ದರೆ ಹೆಸರು ಅಳಿಸಿ ಹಾಕಿ.